ಫ್ರಿಜ್ಜಿಗೆ ವಿಭೂತಿ, ಪೈಲಟ್‌ಗೆ ಐದು ಸೂಜಿ

ಆಯುಧಪೂಜೆಯ ದಿನ ನಮ್ಮ ಕ್ಲಿನಿಕ್ಕಿನ ಫ್ರಿಜ್ಜು ಮದುಮಗನ ಹಾಗೆ ನಿಂತಿತ್ತು. ಬಾಗಿಲಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಹಿಡಿಗೆ ಚೆಂಡುಹೂವಿನ ಹಾರ. ಒಳಗಿನ ಥರ್ಮಾಮೀಟರಿನ ಮುಖಕ್ಕೂ ಒಂದು ಬೊಟ್ಟು. ಎಷ್ಟು ಡಿಗ್ರಿ ಇದೆ ಅಂತ ನೋಡಬೇಕಾದರೆ ಮೊದಲು ಕುಂಕುಮ ಒರೆಸಬೇಕು. ನಾನು ಒರೆಸಲಿಲ್ಲ. ಭಕ್ತಿಯಿಂದ ಅಂತ ಹೇಳಿಕೊಳ್ಳಬಹುದಿತ್ತು. ಸೋಮಾರಿತನದಿಂದ.

ತುಮಕೂರಿನ ಒಂದು ನಾಯಿ-ಬೆಕ್ಕಿನ ಕ್ಲಿನಿಕ್ಕಿನಲ್ಲಿ ನಾನು ಸಹಾಯಕ. ಪ್ರಾಣಿ ಹಿಡಿದುಕೊಳ್ಳುವುದು, ಸಿರಿಂಜಿಗೆ ಲಸಿಕೆ ಎಳೆದುಕೊಡುವುದು, ಕಾರ್ಡು ಬರೆಯುವುದು ನನ್ನ ಕೆಲಸ. ಇದರ ಜೊತೆಗೆ ಯಾರೂ ಕೇಳದೆ ಮಾಡುವ ಇನ್ನೊಂದು ಕೆಲಸ ಅಣಕ. ಬರುವವರನ್ನು ಅಣಕಿಸದೆ ಇರಬೇಕಾದರೆ ಮನುಷ್ಯ ಸಂತನಾಗಿರಬೇಕು. ಹಿಮದಲ್ಲಿ ಹುಟ್ಟಬೇಕಾದ ಹಸ್ಕಿ ನಾಯಿಯನ್ನು ತುಮಕೂರಿನ ಬೇಸಿಗೆಯಲ್ಲಿ ಟೆರೇಸಿನ ಮೇಲೆ ಕಟ್ಟಿಹಾಕಿ, "ಯಾಕೋ ಡಲ್ಲಾಗವ್ನೆ ಸಾರ್" ಅಂತ ತಲೆ ಕೆರೆದುಕೊಳ್ಳುವವರು ಬರುತ್ತಾರೆ. ಮರಿಗೆ ನಲವತ್ತೈದು ದಿನಕ್ಕೆ ಮೊದಲ ಲಸಿಕೆ ಹಾಕಿಸಿ ಅಂದರೆ ನಾಲ್ಕನೇ ತಿಂಗಳಲ್ಲಿ ರಕ್ತಭೇದಿ ಹಿಡಿದ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು, ಯೂಟ್ಯೂಬಿನಲ್ಲಿ ಅರಿಶಿನ ಕುಡಿಸಿ ಅಂದಿದ್ದರು ಅನ್ನುವವರು ಬರುತ್ತಾರೆ. ಬೆಕ್ಕಿನವರದು ಇನ್ನೊಂದು ಜಾತಿ. ನಮ್ಮ ಬೆಕ್ಕು ಮನೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ, ಅದಕ್ಕೆ ಯಾಕೆ ಸೂಜಿ ಅನ್ನುತ್ತಾರೆ. ಅದೇ ಬೆಕ್ಕು ಕಿವಿ ಹರಿದುಕೊಂಡು ಅವರ ತೊಡೆಯ ಮೇಲೆ ಕೂತಿರುತ್ತದೆ. ಕಿವಿಯನ್ನು ಸೋಫಾ ಕಚ್ಚಿತೇ?

ಇವರೆಲ್ಲರ ದನಿ ನನಗೆ ಬರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಬರುವುದು ನಮ್ಮ ಡಾಕ್ಟರದು. ಮೊದಲು ಗಂಟಲಿನಲ್ಲಿ ಒಂದು "ಹ್ಞೂಂ", ಆಮೇಲೆ "ಬೇಸಿಕಲೀ", ಆಮೇಲೆ ನಿಧಾನಕ್ಕೆ, ಮೂಗಿನಿಂದ ಮಾತು. ಅವರು ಆಪರೇಷನ್ ಕೋಣೆಯಲ್ಲಿದ್ದಾಗ ಕ್ಲಿನಿಕ್ಕಿನ ಫೋನು ಬಂದರೆ ನಾನು ಅವರೇ ಆಗಿಬಿಡುತ್ತಿದ್ದೆ. ಜನ ನನ್ನ ದನಿಗೆ ಹತ್ತು ಪ್ರಶ್ನೆ ಹಾಕುತ್ತಾರೆ, ಅವರ ದನಿಗೆ "ಆಯ್ತು ಸಾರ್" ಅಂತ ಇಟ್ಟುಬಿಡುತ್ತಾರೆ. ಸಮಯ ಉಳಿಯುತ್ತದೆ ಅಂತ ನನ್ನ ಸಮರ್ಥನೆ.

ಫ್ರಿಜ್ಜಿನ ವಿಷಯಕ್ಕೆ ಬರುತ್ತೇನೆ. ಅದರ ಪಕ್ಕದ ಗೋಡೆಗೆ ಒಂದು ಚಾರ್ಟು ಅಂಟಿಸಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡಿಗ್ರಿ ನೋಡಿ ಬರೆಯಬೇಕು. ಲಸಿಕೆ ಎರಡು ಡಿಗ್ರಿಗಿಂತ ಕೆಳಗೆ ಹೋಗಬಾರದು, ಎಂಟಕ್ಕಿಂತ ಮೇಲೆ ಬರಬಾರದು. ಬಿಸಿಗೆ ಲಸಿಕೆ ನಿಧಾನಕ್ಕೆ ಕೆಡುತ್ತದೆ. ಹೆಪ್ಪುಗಟ್ಟಿದರೆ ಮಾತ್ರ ಒಂದೇ ಏಟಿಗೆ ಸಾಯುತ್ತದೆ, ಸತ್ತಮೇಲೂ ಸೀಸೆಯೊಳಗೆ ಮೇಲುನೋಟಕ್ಕೆ ಬದುಕಿದ್ದಾಗ ಇದ್ದ ಹಾಗೇ ಕೂತಿರುತ್ತದೆ. ಇದನ್ನು ಸೇರಿದ ಮೊದಲ ವಾರವೇ ಡಾಕ್ಟರು ಹೇಳಿಕೊಟ್ಟಿದ್ದರು. ನಾಯಿ ಮುಟ್ಟುವವನು ನೀನು, ನೀನೇ ಮೊದಲು ಮೂರು ಡೋಸು ರೇಬಿಸ್ ಲಸಿಕೆ ತಗೊಂಡಿರಬೇಕು ಅಂತಲೂ ಹೇಳಿದ್ದರು. ನಾನು ಒಂದು ತಗೊಂಡೆ. ಎರಡನೆಯದರ ದಿನ ಗೂಳೂರಿನಲ್ಲಿ ಗೆಳೆಯನ ಮದುವೆ ಆರತಕ್ಷತೆ, ನನ್ನದೇ ಮಿಮಿಕ್ರಿ ಕಾರ್ಯಕ್ರಮ. ಮೂರನೆಯದರ ದಿನ ಎರಡನೆಯದೇ ಆಗಿಲ್ಲವಲ್ಲ ಅಂತ ಬಿಟ್ಟೆ.

ಹಬ್ಬಕ್ಕೆ ಗುರುವಾರ ಪೂಜೆ, ಶುಕ್ರವಾರ ವಿಜಯದಶಮಿ, ಶನಿವಾರ ಯಾಕೆ ಸುಮ್ಮನೆ ಅಂತ ಅದೂ ರಜೆ. ಭಾನುವಾರ ಗುಬ್ಬಿ ಕಡೆ, ಬಿದರೆಹಳ್ಳ ಕಾವಲ್ ಹತ್ತಿರದ ಒಂದು ಹಳ್ಳಿಯಲ್ಲಿ ರೇಬಿಸ್ ಲಸಿಕೆ ಕ್ಯಾಂಪು. ಕ್ಲಿನಿಕ್ಕಿನ ಬೇರೆ ಲಸಿಕೆಯೆಲ್ಲ ಹಬ್ಬಕ್ಕೆ ಮೊದಲೇ ಖರ್ಚಾಗಿತ್ತು. ಫ್ರಿಜ್ಜಿನಲ್ಲಿ ಉಳಿದದ್ದು ಕ್ಯಾಂಪಿಗೆಂದು ತರಿಸಿದ ಆರು ಸೀಸೆ ಮಾತ್ರ, ಒಂದೊಂದರಲ್ಲಿ ಹತ್ತು ಡೋಸು. ಗುರುವಾರ ಮಧ್ಯಾಹ್ನ ಪೂಜೆಯ ಪುಳಿಯೋಗರೆ ತಿಂದು ಮನೆಗೆ ಹೊರಡುವ ಮುಂಚೆ ನಾನು ಚಾರ್ಟಿನಲ್ಲಿ ಆ ಮೂರು ದಿನದ ಡಿಗ್ರಿಯನ್ನೂ ಬರೆದೆ. ನಾಲ್ಕು, ಐದು, ನಾಲ್ಕು, ಐದು, ಐದು, ನಾಲ್ಕು. ನಂಬಿಕೆ ಬರಲಿ ಅಂತ ಎರಡು ಪೆನ್ನು ಬಳಸಿದೆ. ಕಳ್ಳತನದಲ್ಲೂ ಕುಸುರಿ ಕೆಲಸ ನನ್ನದು.

ಭಾನುವಾರ ಬೆಳಿಗ್ಗೆ ಆರು ಸೀಸೆಯನ್ನೂ ಐಸ್ ಡಬ್ಬಿಗೆ ಹಾಕಿಕೊಂಡು ಡಾಕ್ಟರ ಕಾರಿನಲ್ಲಿ ಹೋದೆವು. ಹಳ್ಳಿಯ ಹಾಲಿನ ಡೇರಿ ಮುಂದೆ ಶಾಮಿಯಾನ, ಅದಕ್ಕೊಂದು ಬ್ಯಾನರು. ಬ್ಯಾನರಿನಲ್ಲಿ ಯುವಕ ಸಂಘದ ಅಧ್ಯಕ್ಷನ ಮುಖ ದೊಡ್ಡದು, ನಮ್ಮ ಡಾಕ್ಟರ ಮುಖ ಮಧ್ಯಮ, ಮೂಲೆಯಲ್ಲಿ ಸಾಸಿವೆಯಷ್ಟು ನಾಯಿ. ಉದ್ಘಾಟನೆಗೆ ದೀಪ ಹಚ್ಚಲು ಮುಕ್ಕಾಲು ಗಂಟೆ, ಹಾರ ಹಾಕಲು ಅರ್ಧ ಗಂಟೆ. ಅಷ್ಟರಲ್ಲಿ ಬಂದ ನಾಯಿಗಳಲ್ಲಿ ಅರ್ಧ ಬೇಜಾರಾಗಿ ಮನೆಗೆ ಹೋದವು.

ಊರಿನಲ್ಲಿ ಒಂದು ನಾಯಿಗೆ ಯಜಮಾನ ಇದ್ದಾನೋ ಇಲ್ಲವೋ ಅನ್ನುವುದು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಈ ನಾಯಿ ಯಾರದು, ಬಂದು ಹಿಡ್ಕೊಳ್ಳಿ ಅಂದರೆ ಯಾರದೂ ಅಲ್ಲ. ಅದರ ಕಾಲ ಮೇಲೆ ಯಾವನಾದರೂ ಬೈಕು ಹತ್ತಿಸಿದರೆ ಐದು ನಿಮಿಷದಲ್ಲಿ ನಾಲ್ಕು ಜನ ಯಜಮಾನರು. ಅವತ್ತು ಅಧ್ಯಕ್ಷನ ಮನೆ ಬಾಗಿಲಲ್ಲೇ ಮಲಗುವ ನಾಯಿಯನ್ನು ಅಧ್ಯಕ್ಷನೇ "ಅದು ಬೀದಿದು ಕಣ್ರೀ" ಅಂದ. ನಾಯಿ ಅವನ ಚಪ್ಪಲಿಯ ಮೇಲೆ ಕೂತಿತ್ತು.

ತನ್ನ ನಾಯಿಯನ್ನು ತಾನೇ ತೊಡೆಸಂದಿಯಲ್ಲಿ ಅಮುಕಿ ಹಿಡಿದು ನಿಂತವಳು ಒಬ್ಬಳೇ. ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ತಟ್ಟೆ ಇಡ್ಲಿ ಹೋಟೆಲ್ ಇಟ್ಟಿರುವ ಅಕ್ಕ. ಕಪ್ಪು ಬಿಳುಪು ಗಂಡು ನಾಯಿ, ಹೆಸರು ಪೈಲಟ್. ತಲೆ ಮೇಲೆ ಹೆಲಿಕಾಪ್ಟರ್ ಹೋದಾಗಲೆಲ್ಲ ಅದರ ಹಿಂದೆ ಓಡುತ್ತಿತ್ತಂತೆ, ಕಾರ್ಖಾನೆಯ ಹುಡುಗರು ಹೆಸರಿಟ್ಟರಂತೆ. ಸೂಜಿ ಹಾಕಿದ ಮೇಲೆ ಅಕ್ಕ ಕಾರ್ಡು ಇಸ್ಕೊಂಡು ಎರಡು ಸಲ ಓದಿದಳು. ಇದಿದ್ರೆ ಹುಚ್ಚು ನಾಯಿ ಕಚ್ಚಿದ್ರೂ ಏನೂ ಆಗಲ್ವಾ ಅಂತ ಕೇಳಿದಳು. ತಿಂಗಳು ಕಳೀಲಿ, ಆಮೇಲೆ ಭಯ ಇಲ್ಲ, ಕಚ್ಚಿದರೆ ಒಂದು ಬೂಸ್ಟರ್ ಹಾಕಿಸಿ ಸಾಕು ಅಂದೆ. ಅವಳು ಕಾರ್ಡನ್ನು ರವಿಕೆಯೊಳಗೆ ಇಟ್ಟುಕೊಂಡಳು.

ಇಲ್ಲೊಂದು ವಿಷಯ ಬರೆಯಲೇಬೇಕು. ಎರಡನೇ ಸೀಸೆ ಎಳೆಯುವಾಗ ಸೂಜಿ ಕಟ್ಟಿಕೊಂಡಿತು. ಸೀಸೆ ಎತ್ತಿ ನೋಡಿದರೆ ತಳದಲ್ಲಿ ಬಿಳಿ ಚೂರುಗಳು, ಒಡೆದ ಹಾಲಿನ ಹಾಗೆ. ನಾನು ಸೂಜಿ ಮಾಡಿದವರನ್ನು ಬೈದು, ಸೀಸೆಯನ್ನು ಜೋರಾಗಿ ಅಲ್ಲಾಡಿಸಿದೆ. ಚೂರು ಕಣ್ಣಿಂದ ಮರೆಯಾದವು. ಬೇರೆ ಸೂಜಿ ಹಾಕಿ ಮುಂದುವರಿಸಿದೆ. ಡಾಕ್ಟರು ಪಕ್ಕದಲ್ಲೇ ಇದ್ದರು, ಫೋಟೋಗ್ರಾಫರ್ ಕಡೆ ತಿರುಗಿಕೊಂಡು. ನಲವತ್ತಾರು ನಾಯಿಗೆ ಸೂಜಿ, ನಲವತ್ತಾರು ಬೆನ್ನಿಗೆ ನೀಲಿ ಗುರುತು. ಆರನೇ ಸೀಸೆ ಒಡೆಯಲೇ ಇಲ್ಲ, ವಾಪಸು ಬಂದು ಫ್ರಿಜ್ಜಿನ ಹಿಂದಿನ ಮೂಲೆ ಸೇರಿತು.

ಒಂದೂವರೆ ತಿಂಗಳು ಕಳೆಯಿತು. ಒಂದು ಮಂಗಳವಾರ ಡಾಕ್ಟರು ಒಳಗೆ ಹೆಣ್ಣು ಬೆಕ್ಕೊಂದಕ್ಕೆ ಸಂತಾನಹರಣ ಮಾಡುತ್ತಿದ್ದಾಗ ಫೋನು ಬಂತು. ಹೋಟೆಲ್ ಅಕ್ಕ. ನಾನು "ಹ್ಞೂಂ" ಅಂದು ಡಾಕ್ಟರಾದೆ.

ಎಲ್ಲಿಂದಲೋ ಒಂದು ಕೆಂಚ ನಾಯಿ ಜೊಲ್ಲು ಸುರಿಸಿಕೊಂಡು ಬಂದು ಎದುರಿಗೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕಿತಂತೆ. ಪೈಲಟ್ ಅಡ್ಡ ನಿಂತಿದೆ, ಕತ್ತಿನ ಹತ್ತಿರ ಎರಡು ಕಡೆ ಹಲ್ಲು ಇಳಿದಿದೆ. ಅಕ್ಕ ಬರಿಗೈಯಲ್ಲಿ ಗಾಯ ತೊಳೆದಿದ್ದಾಳೆ. ದಿನಾ ಸೋಡಾಪುಡಿಯಲ್ಲಿ ಪಾತ್ರೆ ಉಜ್ಜಿ ಬೆರಳೆಲ್ಲ ಸೀಳು ಬಿಟ್ಟಿವೆ, ಅದಕ್ಕೇನಾದರೂ ಆಗುತ್ತದಾ ಅಂತ ಕೇಳಿದಳು. ಆ ಪ್ರಶ್ನೆಗೆ ನಿಜವಾದ ಡಾಕ್ಟರು ಕೊಡುತ್ತಿದ್ದ ಉತ್ತರ ಒಂದೇ, ಈಗಲೇ ಗುಬ್ಬಿ ಆಸ್ಪತ್ರೆಗೆ ಹೋಗಿ. ನನ್ನೊಳಗಿದ್ದ ಡಾಕ್ಟರಿಗೆ ದನಿ ಇತ್ತು, ಓದು ಇರಲಿಲ್ಲ.

"ಬೇಸಿಕಲೀ, ಕಾರ್ಡ್ ಇದೆಯಲ್ಲಮ್ಮ," ಅಂದೆ ಮೂಗಿನಿಂದ. "ಏನೂ ಆಗಲ್ಲ. ನಾಳೆ ನಾಡಿದ್ದರಲ್ಲಿ ಹುಡುಗನ ಕೈಲಿ ಬೂಸ್ಟರ್ ಕಳಿಸ್ತೀನಿ."

ಹುಡುಗ ಅಂದರೆ ನಾನು. ಅಕ್ಕ "ಆಯ್ತು ಸಾ, ನೀವು ಹೇಳುದ್ರೆ ಸರಿ" ಅಂದು ಇಟ್ಟಳು. ಪಕ್ಕದಲ್ಲಿದ್ದ ನಮ್ಮ ಕ್ಲಿನಿಕ್ಕಿನ ಅಟೆಂಡರ್ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ತಲೆ ಬಾಗಿಸಿ ಚಪ್ಪಾಳೆ ಸ್ವೀಕರಿಸಿದೆ.

ಮಾರನೇ ದಿನ ಬೆಳಿಗ್ಗೆ ಅದೇ ಅಟೆಂಡರ್ ಅಣ್ಣ ಕಾಫಿಗೆ ಹಾಲು ಕಾಯಿಸುತ್ತಿದ್ದ. ಅವನು ಹಾಲಿನ ಪ್ಯಾಕೆಟ್ ಇಡುವುದು ಲಸಿಕೆ ಫ್ರಿಜ್ಜಿನಲ್ಲೇ. ಇಡಬೇಡ ಅಂದರೆ ಹಾಲು ಏನು ವಿಷಾನಾ ಅನ್ನುತ್ತಾನೆ. ಅವತ್ತು ಹಾಲು ಒಡೆದುಹೋಯಿತು. ಫ್ರಿಜ್ಜಿಗೆ ಬೈಯುತ್ತಾ ಅಂದ: "ಇದುಕ್ಕೆ ಒಂದು ನಿಯತ್ತಿಲ್ಲ ಕಣ್ಲಾ ಮಿಮಿಕ್ರಿ. ಇವತ್ತು ಒಡೀತದೆ. ಹಬ್ಬದಲ್ಲಿ ನೋಡುದ್ರೆ ಕಲ್ಲಾಗಿತ್ತು."

ಯಾವ ಹಬ್ಬದಲ್ಲಿ ಅಂತ ಕೇಳಿದೆ.

ಆಯುಧಪೂಜೆಯಲ್ಲಿ. ಅವನು ವಿವರವಾಗಿ, ಹೆಮ್ಮೆಯಿಂದಲೇ ಹೇಳಿದ. ಪೂಜೆಗೆಂದು ಫ್ರಿಜ್ಜಿನ ಪ್ಲಗ್ ಕಿತ್ತು ಒಳಗೆಲ್ಲ ತೊಳೆದಿದ್ದ. ಸೀಸೆಗಳನ್ನು ಅಷ್ಟು ಹೊತ್ತು ಐಸ್ ಡಬ್ಬಿಯಲ್ಲಿ ಇಟ್ಟಿದ್ದನಂತೆ, ಅಷ್ಟರ ಮಟ್ಟಿಗೆ ಜಾಣ. ನಾನು ಪುಳಿಯೋಗರೆ ತಿಂದು ಹೋದಮೇಲೆ ಫ್ರಿಜ್ಜು ಇನ್ನೂ ಬೆಚ್ಚಗಿದೆ ಅನ್ನಿಸಿ, ಬೇಗ ತಣ್ಣಗಾಗಲಿ ಅಂತ ತಿರುಪನ್ನು ಕೊನೆಯ ನಂಬರಿಗೆ ತಿರುಗಿಸಿ, ಬಾಗಿಲಿಗೆ ಕೈಮುಗಿದು, ಬೀಗ ಹಾಕಿ ಹೋದ. ಶನಿವಾರ ಮಧ್ಯಾಹ್ನ ಬಾಡಿದ ಹೂ ತೆಗೆಯಲು ಬಂದು ನೋಡಿದರೆ ಹಾಲಿನ ಪ್ಯಾಕೆಟ್ ಇಟ್ಟಿಗೆ. ತಿರುಪನ್ನು ವಾಪಸು ತಿರುಗಿಸಿದ. ಹೇಳಬೇಕು ಅನ್ನಿಸಲಿಲ್ಲ, ಯಾಕೆಂದರೆ ಅವನ ಲೆಕ್ಕದಲ್ಲಿ ಕೆಟ್ಟದ್ದು ಹಾಲು ಮಾತ್ರ.

"ಹಾಲು ಎಲ್ಲಿತ್ತಣ್ಣ?"

"ಮ್ಯಾಲ್ಗಡೆ ತಟ್ಟೇಲಿ. ನಿಮ್ ಸೀಸೆ ಪಕ್ಕದಾಗೆ."

ನಾನು ಥರ್ಮಾಮೀಟರ್ ತೆಗೆದೆ. ಕುಂಕುಮ ಇನ್ನೂ ಇತ್ತು, ಒಂದೂವರೆ ತಿಂಗಳಿಂದ ನಾನು ಅದರ ಸಂದಿಯಲ್ಲೇ ಇಣುಕಿ ಡಿಗ್ರಿ ಬರೆಯುತ್ತಿದ್ದೆ. ಒರೆಸಿದೆ. ಆ ಜಾತಿಯ ಥರ್ಮಾಮೀಟರಿನಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಹಿಂದೆ ಅಳಿಸಿದ ದಿನದಿಂದ ಈಚೆಗೆ ಎಷ್ಟು ಕೆಳಗೆ ಹೋಗಿತ್ತು ಅನ್ನುವುದನ್ನು ತೋರಿಸುತ್ತದೆ. ದಿನಾ ನೋಡಿ ದಿನಾ ಅಳಿಸಬೇಕು ಅನ್ನುವುದು ನಿಯಮ. ನಾನು ಒಂದು ದಿನವೂ ಮುಟ್ಟಿರಲಿಲ್ಲ, ಹಾಗಾಗಿ ಪಾಪ ಅದು ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಮೈನಸ್ ಆರು.

ಗೋಡೆಯ ಚಾರ್ಟಿನಲ್ಲಿ ಅದೇ ಮೂರು ದಿನ ನಾಲ್ಕು, ಐದು, ನಾಲ್ಕು, ಐದು, ಐದು, ನಾಲ್ಕು. ಎರಡು ಪೆನ್ನಿನಲ್ಲಿ. ಕೆಳಗೆ ಡಾಕ್ಟರ ಸಹಿ.

ಡಾಕ್ಟರು ಬಂದ ಕೂಡಲೇ ಹೇಳಿದೆ, ಅರ್ಧ ಮಾತ್ರ. ಹಬ್ಬದಲ್ಲಿ ಫ್ರಿಜ್ಜು ಹೆಪ್ಪುಗಟ್ಟಿತ್ತು ಅಂದೆ, ಚಾರ್ಟಿನ ವಿಷಯವನ್ನೂ ಫೋನಿನ ವಿಷಯವನ್ನೂ ನುಂಗಿಕೊಂಡೆ. ಫ್ರಿಜ್ಜಿನ ಗಾಳಿ ಮೈನಸ್ ಆದರೆ ಸೀಸೆಯೂ ಆಗಿತ್ತು ಅನ್ನೋ ಗ್ಯಾರಂಟಿ ಇಲ್ಲ, ಪರೀಕ್ಷೆ ಮಾಡೋಣ ಅಂದರು. ಪರೀಕ್ಷೆಗೆ ಅದೇ ಬ್ಯಾಚಿನ ಒಳ್ಳೆ ಸೀಸೆ ಬೇಕು. ನಮ್ಮ ಜೊತೆಯಲ್ಲೇ ಲಸಿಕೆ ತರಿಸಿದ್ದ ಕುಣಿಗಲ್ಲಿನ ಡಾಕ್ಟರ ಹತ್ತಿರ ಎರಡು ಉಳಿದಿದ್ದವು. ಐಸ್ ಡಬ್ಬಿ ಬೈಕಿಗೆ ಕಟ್ಟಿಕೊಂಡು ಹೊರಟೆ. ಆ ಡಾಕ್ಟರು ಸೀಸೆ ಕೊಡುವಾಗ ತಮ್ಮ ಫ್ರಿಜ್ಜಿನ ಚಾರ್ಟು ತೋರಿಸಿದರು. ಅದರಲ್ಲಿ ಏಳು ಇತ್ತು, ಮೂರು ಇತ್ತು, ಒಂದು ಕಡೆ "ಕರೆಂಟಿಲ್ಲ, ಒಂಬತ್ತು" ಅಂತ ಕೆಂಪಿನಲ್ಲಿ ಇತ್ತು. ನಿಜವಾದ ಚಾರ್ಟು ಅಷ್ಟು ಕುರೂಪವಾಗಿರುತ್ತದೆ ಅಂತ ಮೊದಲ ಸಲ ನೋಡಿದೆ. ಕುಣಿಗಲ್ ಅಂದರೆ ಜನ ಕುದುರೆ ನೋಡಲು ಹೋಗುತ್ತಾರೆ. ನಾನು ಹೋಗಿ ನೋಡಿದ್ದು ಇದು.

ವಾಪಸು ಬರುವ ದಾರಿಯಲ್ಲಿ ಎರಡು ಸಲ ಬೈಕು ನಿಲ್ಲಿಸಿ ಫೋನು ತೆಗೆದೆ. ಅಕ್ಕನಿಗೆ ಆಸ್ಪತ್ರೆಗೆ ಹೋಗು ಅಂತ ಅಷ್ಟೊತ್ತಿಗೆ ಹೇಳಿಬಿಡಬೇಕಿತ್ತು, ಅದಕ್ಕೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಹೇಳಲಿಲ್ಲ. ಯಾವ ದನಿಯಲ್ಲಿ ಹೇಳಲಿ ಅಂತ ಗೊತ್ತಾಗಲಿಲ್ಲ.

ಪರೀಕ್ಷೆ ಬಹಳ ಸರಳ. ಕುಣಿಗಲ್ಲಿನ ಒಂದು ಸೀಸೆಯನ್ನು ಬೇಕೆಂದೇ ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿ, ಕರಗಿಸಬೇಕು. ಅದು ಸತ್ತ ಸೀಸೆ. ಇನ್ನೊಂದು ಬದುಕಿರುವ ಸೀಸೆ. ನಡುವೆ ನಮ್ಮ ಕ್ಯಾಂಪಿನಲ್ಲಿ ಉಳಿದ ಆರನೆಯದು. ಮೂರನ್ನೂ ಒಟ್ಟಿಗೆ ಅಲ್ಲಾಡಿಸಿ ಮೇಜಿನ ಮೇಲೆ ಇಟ್ಟು ಸುಮ್ಮನೆ ಕೂರಬೇಕು. ಸಂಜೆ ನಾವು ಮೂವರೂ ಮೇಜಿನ ಸುತ್ತ ಕೂತೆವು, ಅಟೆಂಡರ್ ಅಣ್ಣನೂ ಸೇರಿ.

ಕಾಲು ಗಂಟೆಯಲ್ಲಿ ಬದುಕಿರುವ ಸೀಸೆ ಇನ್ನೂ ಅಕ್ಕಿ ತೊಳೆದ ನೀರಿನ ಹಾಗೆ ಒಂದೇ ಸಮ ಮಸುಕಾಗಿತ್ತು. ಸತ್ತ ಸೀಸೆಯಲ್ಲಿ ಬಿಳಿ ಚೂರು ತಳಕ್ಕೆ ಇಳಿದು ಮೇಲೆ ತಿಳಿನೀರು ನಿಂತಿತ್ತು. ನಮ್ಮದೂ ಹಾಗೇ, ತಳದಲ್ಲಿ ಚೂರು, ಮೇಲೆ ತಿಳಿ. ಎರಡನೇ ಸೀಸೆಯಲ್ಲಿ ನಾನು ಅಲ್ಲಾಡಿಸಿ ಮಾಯ ಮಾಡಿದ್ದು ಇದನ್ನೇ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಯೋಜನೆ ಹೇಳಿದರು. ಬೇಸಿಕಲೀ ಗಾಬರಿಯಾಗುವುದು ಬೇಡ. ಮುಂದಿನ ತಿಂಗಳು ಅದೇ ಹಳ್ಳಿಯಲ್ಲಿ ಉಚಿತ ಬೂಸ್ಟರ್ ಕ್ಯಾಂಪು, ಹೊಸ ಬ್ಯಾನರು. ಯಾರಿಗೂ ಏನೂ ಹೇಳುವ ಅಗತ್ಯ ಇಲ್ಲ, ಎಲ್ಲ ನಾಯಿಗೂ ಒಳ್ಳೆ ಲಸಿಕೆ ಸಿಕ್ಕಿಬಿಡುತ್ತದೆ. ಕೇಳಲು ಎಷ್ಟು ಹಿತವಾಗಿತ್ತೆಂದರೆ ನಾನು ಅರ್ಧ ಒಪ್ಪಿದ್ದೆ. ನಲವತ್ತಾರು ನಾಯಿಗೆ ಮುಂದಿನ ತಿಂಗಳು ಸಾಕಾಗಬಹುದಿತ್ತು. ಒಂದು ನಾಯಿಗೂ ಒಬ್ಬ ಹೆಂಗಸಿಗೂ ಸಾಕಾಗುತ್ತಿರಲಿಲ್ಲ.

ಉಳಿದ ಅರ್ಧ ಹೇಳಿದೆ. ನಿನ್ನೆ ಹೋಟೆಲಿನವಳು ಫೋನ್ ಮಾಡಿದ್ದಳು, ಹುಚ್ಚು ನಾಯಿ ಕಚ್ಚಿದೆ, ಸೀಳು ಬಿಟ್ಟ ಕೈಯಲ್ಲಿ ಗಾಯ ತೊಳೆದಿದ್ದಾಳೆ ಅಂದೆ.

"ನೀನೇನು ಹೇಳ್ದೆ?"

"ನಾನೇನೂ ಹೇಳ್ಲಿಲ್ಲ ಸಾರ್. ನೀವು ಹೇಳುದ್ರಿ. ಕಾರ್ಡ್ ಇದೆಯಲ್ಲ, ಏನೂ ಆಗಲ್ಲ ಅಂದ್ರಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಟೆಂಡರ್ ಅಣ್ಣ ಎದ್ದು ಇಲ್ಲದ ಕಸ ಗುಡಿಸತೊಡಗಿದ. ನಾನು ಗೋಡೆಯಿಂದ ಚಾರ್ಟು ಕಿತ್ತು ತಂದು ಮೇಜಿನ ಮೇಲೆ ಇಟ್ಟು, ಆ ಮೂರು ದಿನದ ಮೇಲೆ ಗೆರೆ ಎಳೆದು, "ನೋಡದೆ ಬರೆದದ್ದು" ಅಂತ ಬರೆದು ನನ್ನ ಹೆಸರು ಹಾಕಿದೆ. ಇದು ಧೈರ್ಯವಲ್ಲ. ಇನ್ನೊಂದು ನಿಮಿಷ ಕೂತಿದ್ದರೆ ಬೂಸ್ಟರ್ ಕ್ಯಾಂಪಿಗೆ ಒಪ್ಪಿಬಿಡುತ್ತೇನೆ ಅಂತ ನನ್ನ ಮೇಲೆ ನನಗಿದ್ದ ತಿಳುವಳಿಕೆ. ಡಾಕ್ಟರು ನನ್ನ ಗೆರೆಯನ್ನೂ ಅದರ ಕೆಳಗಿನ ತಮ್ಮ ಸಹಿಯನ್ನೂ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ನಾನು ಹಂಗೇನಯ್ಯಾ ಮಾತಾಡೋದು? ಮೂಗಿಂದ?" ಅಂದರು.

ಆಮೇಲೆ ತಾವೇ ಅಕ್ಕನಿಗೆ ಫೋನು ಹಚ್ಚಿದರು. ಸ್ವಿಚ್ ಆಫ್. ಅವಳು ಬೆಳಗಿನ ಮೂರೂವರೆಗೆ ಹಿಟ್ಟು ಹೊಯ್ಯುವವಳು, ಏಳಕ್ಕೆಲ್ಲ ಮಲಗುತ್ತಾಳೆ. ಬೆಳಿಗ್ಗೆ ನೀನು ಮುಂದೆ ಹೋಗು, ನಾನು ಲಸಿಕೆ ತಗೊಂಡು ಹಿಂದೆ ಬರ್ತೀನಿ ಅಂದರು.

ಗುರುವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಡೇರಿ ಮುಂದೆ ನಿಂತೆ. ಹಳ್ಳಿ ಪೂರ್ತಿ ಒಂದೇ ಕಡೆ ಸಿಗುವುದು ಹಾಲು ಹಾಕುವ ಹೊತ್ತಿನಲ್ಲಿ. ಡೇರಿಯಲ್ಲಿ ಒಂದು ಮೈಕಿದೆ, ಕಾರ್ಯದರ್ಶಿಯನ್ನು ಕೇಳಿ ಇಸ್ಕೊಂಡೆ. ಮೈಕು ಸಿಕ್ಕಿದಾಗ ನನ್ನ ಬಾಯಿಗೆ ತಾನಾಗಿ ಯಾರದಾದರೂ ದನಿ ಬರುತ್ತದೆ. ಅವತ್ತು ಬರಲಿಲ್ಲ. ಕೀಚಲು ದನಿಯೊಂದು ಹೊರಟಿತು, ಅದು ನನ್ನದೇ ಅಂತ ನನಗೂ ಗುರುತು ಸಿಗಲಿಲ್ಲ. ಹಬ್ಬದ ಕ್ಯಾಂಪಿನಲ್ಲಿ ಹಾಕಿದ ಲಸಿಕೆ ಕೆಟ್ಟಿತ್ತು, ಕಾರ್ಡು ಲೆಕ್ಕಕ್ಕಿಲ್ಲ, ಮಂಗಳವಾರದ ಕೆಂಚ ನಾಯಿ ಯಾರ ನಾಯಿಯನ್ನು ಕಚ್ಚಿದೆಯೋ, ಯಾರನ್ನು ಪರಚಿದೆಯೋ ಅವರು ಈಗಲೇ ಹೇಳಿ ಅಂದೆ. ಕ್ಯಾನು ಇಳಿಸುತ್ತಿದ್ದವರು ಒಂದು ಕ್ಷಣ ನನ್ನನ್ನು ನೋಡಿದರು. ಯುವಕ ಸಂಘದ ಅಧ್ಯಕ್ಷ ಮುಂದೆ ಬಂದ. ಮಾನ ಹೋಗುತ್ತದಲ್ಲಯ್ಯ ಅಂದ. ಆಮೇಲೆ ಸ್ವಲ್ಪ ಯೋಚಿಸಿ, ಮತ್ತೆ ಕ್ಯಾಂಪು ಮಾಡಿದರೆ ಬ್ಯಾನರು ನಮ್ಮ ಸಂಘದ್ದೇ ಇರಲಿ ಅಂದ. ಅವನ ಚಪ್ಪಲಿ ಮೇಲೆ ಮಲಗುವ ನಾಯಿಗೂ ಕಚ್ಚಿದೆ ಅಂತ ಯಾರೋ ಹೇಳಿದರು. ಅದು ಬೀದಿದು ಅಂತ ಅವನು ಅನ್ನಲಿಲ್ಲ. ಓಡಿಹೋಗಿ ಕಟ್ಟಿಹಾಕಿದ. ಕೆಂಚ ನಾಯಿ ಬುಧವಾರ ಬೆಳಿಗ್ಗೆಯೇ ಕೆರೆ ಏರಿ ಹತ್ತಿರ ಸತ್ತು ಬಿದ್ದಿತ್ತಂತೆ, ಹೂತುಹಾಕಿದ್ದರು.

ಹೋಟೆಲಿಗೆ ಹೋದಾಗ ಎಂಟು ಗಂಟೆ. ಕಾರ್ಖಾನೆಗೆ ಹೋಗುವವರು ಹತ್ತು ಹನ್ನೆರಡು ಜನ ನಿಂತು ಇಡ್ಲಿ ತಿನ್ನುತ್ತಿದ್ದರು. ಪೈಲಟ್ ಕತ್ತಿಗೆ ಅರಿಶಿನ ಹಚ್ಚಿಸಿಕೊಂಡು ಬೆಂಚಿನ ಕೆಳಗೆ ಮಲಗಿತ್ತು. ಅಕ್ಕನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಲೇ ಇಲ್ಲ.

"ಡಾಕ್ಟ್ರೇ ಹೇಳವ್ರೆ ಫೋನಲ್ಲಿ, ಏನೂ ಆಗಲ್ಲ ಅಂತ. ನೀನ್ಯಾವನ್ಲಾ ಅವ್ರುನ್ ಮೀರಿ ಹೇಳಾಕೆ? ಸೂಜಿ ಎಳ್ಕೊಡೋನು."

ಅಕ್ಕ, ಫೋನಿನಲ್ಲಿ ಮಾತಾಡಿದ್ದು ಡಾಕ್ಟರಲ್ಲ, ನಾನು ಅಂದೆ. ಅವಳು ನಂಬಲಿಲ್ಲ. ನನ್ನ ಗಂಟಲು ಕೇಳಿದರೆ ಯಾರೂ ನಂಬುವುದಿಲ್ಲ. ಬೇರೆ ದಾರಿ ಇರಲಿಲ್ಲ. ಅಷ್ಟೂ ಜನರ ಮುಂದೆ "ಹ್ಞೂಂ" ಅಂದು, ಮೂಗಿನಿಂದ, ನಿಧಾನಕ್ಕೆ ಹೇಳಿದೆ: "ಬೇಸಿಕಲೀ, ಕಾರ್ಡ್ ಇದೆಯಲ್ಲಮ್ಮ. ಏನೂ ಆಗಲ್ಲ."

ಇಡ್ಲಿ ತಿನ್ನುತ್ತಿದ್ದವರು ನಕ್ಕರು. ಒಬ್ಬ ಇನ್ನೊಂದ್ಸಲ ಮಾಡಪ್ಪ ಅಂದ. ಅಲ್ಲಿಯವರೆಗೆ ನನ್ನ ಜೀವನದಲ್ಲಿ ಸಿಕ್ಕ ಯಾವ ನಗುವೂ ಬೇಡ ಅನ್ನಿಸಿರಲಿಲ್ಲ.

ಅಕ್ಕ ನಗಲಿಲ್ಲ. ತಟ್ಟೆ ಕೆಳಗಿಟ್ಟಳು. ಕೈ ಸೆರಗಿಗೆ ಒರೆಸಿಕೊಂಡು, ಬೆರಳು ಬಿಡಿಸಿ, ಒಂದೊಂದೇ ಸೀಳನ್ನು ನೋಡಿದಳು. ರವಿಕೆಯೊಳಗಿಂದ ಕಾರ್ಡು ತೆಗೆದು ನನ್ನ ಜೇಬಿಗೆ ತುರುಕಿದಳು.

"ಎರಡು ದಿನ ಆಯ್ತು ಕಣೋ ತೊಳ್ದು," ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇಡ್ಲಿ ಪಾತ್ರೆಯನ್ನು ಗಿರಾಕಿಗಳಿಗೇ ಬಿಟ್ಟು ನನ್ನ ಬೈಕು ಹತ್ತಿದಳು. ಗುಬ್ಬಿ ಆಸ್ಪತ್ರೆಯಲ್ಲಿ ಅವತ್ತೇ ಅವಳಿಗೆ ಮೊದಲ ಸೂಜಿ. ವಾಪಸು ಬರುವಷ್ಟರಲ್ಲಿ ಡಾಕ್ಟರು ಕಾರಿನಲ್ಲಿ ಬಂದಿದ್ದರು, ಬ್ಯಾನರಿಲ್ಲದೆ. ಪೈಲಟ್ ಗಾಯವನ್ನು ಗ್ಲೌಸು ಹಾಕಿಕೊಂಡು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದರು, ಅರಿಶಿನ ಬಿಡಿಸಿದರು, ಮೊದಲ ಲಸಿಕೆ ಹಾಕಿದರು. ಅಧ್ಯಕ್ಷನ ನಾಯಿಗೂ ಹಾಗೇ. ಇನ್ನು ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೆಂಟು. ಅಲ್ಲಿವರೆಗೂ, ಆಮೇಲೂ ಕೆಲವು ತಿಂಗಳು, ಸರಪಳಿಯಲ್ಲೇ ಇರಬೇಕು, ಬೇರೆ ಯಾರೂ ಮುಟ್ಟಬಾರದು, ದನಿ ಒಡೆದರೆ, ನೀರು ಗುಟುಕರಿಸಲು ಕಷ್ಟಪಟ್ಟರೆ ಆ ಕ್ಷಣ ಫೋನ್ ಮಾಡಬೇಕು ಅಂದರು. ಯಾರ ಫೋನಿಗೆ ಅಂತ ಅಕ್ಕ ಕೇಳಿದಳು. ಡಾಕ್ಟರು ತಮ್ಮ ಸ್ವಂತ ನಂಬರನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದರು.

ಆ ಭಾನುವಾರ ಹಳ್ಳಿಯ ಉಳಿದ ನಾಯಿಗಳಿಗೆಲ್ಲ ಮತ್ತೆ ಲಸಿಕೆ. ನೀಲಿ ಗುರುತಿನ ಮೇಲೆ ಹಸಿರು ಗುರುತು. ಅಕ್ಕ ಬಂದು ಮೇಜಿನ ಪಕ್ಕ ನಿಂತಳು. ಮೊದಲ ಸೀಸೆ ತೆಗೆಯುತ್ತಿದ್ದ ಹಾಗೆ ಕೈಚಾಚಿ ಇಸ್ಕೊಂಡು, ಅಲ್ಲಾಡಿಸಿ, ಬಿಸಿಲಿಗೆ ಹಿಡಿದು, ಮೇಜಿನ ಮೇಲಿಟ್ಟು ಕಾಯತೊಡಗಿದಳು. ಸತ್ತ ಸೀಸೆ ಹೇಗಿರುತ್ತದೆ ಅಂತ ನಾನೇ ಅವಳಿಗೆ ಹೇಳಿದ್ದೆ, ನನ್ನ ಬುದ್ಧಿವಂತಿಕೆ ತೋರಿಸಲು. ಕಾಲು ಗಂಟೆ ಸಾಲು ನಿಂತಿತು. ಅಧ್ಯಕ್ಷನೂ ನಿಂತ. ತಳದಲ್ಲಿ ಏನೂ ಇಳಿಯಲಿಲ್ಲ. "ಹಾಕು" ಅಂದಳು. ಅವತ್ತಿನಿಂದ ಆ ಊರಿನಲ್ಲಿ ನಾನು ಏನೇ ಹೊರಗೆ ತೆಗೆದರೂ, ಜ್ವರದ ಔಷಧಿಯಾದರೂ ಸರಿ, ಅಲ್ಲಾಡ್ಸಿ ತೋರ್ಸು ಅನ್ನುತ್ತಾರೆ.

ಪೈಲಟ್‌ನ ಪ್ರತಿ ಸೂಜಿಗೂ ನಾನು ಹೋದೆ. ಹೋದಾಗಲೆಲ್ಲ ಅಕ್ಕ ಕೇಳುತ್ತಿದ್ದದ್ದು ಒಂದೇ, ಇವತ್ತು ಯಾರ ದನೀಲಿ ಬಂದಿದ್ದೀಯ. ನನ್ನದರಲ್ಲಿ ಅನ್ನುತ್ತಿದ್ದೆ. ಇಡ್ಲಿ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ನಾನು ನಾಯಿ ನೋಡುವುದಕ್ಕಿಂತ ಹೆಚ್ಚಾಗಿ ಅವಳನ್ನು ನೋಡುತ್ತಿದ್ದೆ. ಅವಳು ನೀರು ಕುಡಿದರೆ ನನಗೆ ಉಸಿರು ಬರುತ್ತಿತ್ತು.

ಇಪ್ಪತ್ತೆಂಟನೇ ದಿನ, ಐದನೇ ಸೂಜಿ. ಪೈಲಟ್ ನೀರು ಕುಡಿಯುತ್ತಿತ್ತು, ಬೊಗಳುತ್ತಿತ್ತು, ಹೆಲಿಕಾಪ್ಟರ್ ಬಂದರೆ ಸರಪಳಿ ಎಳೆಯುತ್ತಿತ್ತು. ಅವತ್ತೂ ಸೂಜಿ ಇಳಿಯುವ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಒಂದು ಹಾದುಹೋಯಿತು. ಪೈಲಟ್ ನೆಗೆಯಿತು. ಔಷಧಿ ಒಳಗೆ ಹೋಯಿತು, ಅದರ ಹಲ್ಲು ನನ್ನ ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆಯಿತು. ಗ್ಲೌಸು ಎಲ್ಲಿ ಮುಗಿ‌ಯುತ್ತದೋ ಅಲ್ಲೇ. ಸಣ್ಣಗೆ ರಕ್ತ.

ಊರಿಗೆಲ್ಲ ಕಾರ್ಡು ಬರೆದುಕೊಟ್ಟ ನನಗೆ ಆಗಿದ್ದು ಮೂರರಲ್ಲಿ ಒಂದು ಡೋಸು. ಪೈಲಟ್ ಚೆನ್ನಾಗಿದೆ, ಹೆದರುವಂಥದ್ದು ಇಲ್ಲ ಅಂತ ನನ್ನ ತಲೆಗೆ ಗೊತ್ತಿತ್ತು. ಆದರೂ ಅಕ್ಕನ ಮುಖ ನೋಡಿ, "ಏನೂ ಆಗಲ್ಲ ಅಲ್ವಾ ಅಕ್ಕ?" ಅಂತ ಕೇಳಿಬಿಟ್ಟೆ.

ಅಕ್ಕ ನನ್ನ ಕೈ ನೋಡಿದಳು. ನನ್ನ ಮುಖ ನೋಡಿದಳು. ಗಂಟಲಿನಲ್ಲಿ "ಹ್ಞೂಂ" ಅಂದಳು.

"ಬೇಸಿಕಲೀ," ಅಂದಳು, ಮೂಗಿನಿಂದ, ನಿಧಾನಕ್ಕೆ. ಡಾಕ್ಟರ ದನಿಯಲ್ಲ ಅದು. ಡಾಕ್ಟರನ್ನು ಅಣಕಿಸುವ ನನ್ನ ದನಿ, ಒಂದು ಎಳೆಯೂ ತಪ್ಪದೆ. "ಕಾರ್ಡ್ ಇದ್ಯಾ?"

ಇಲ್ಲ ಅಂತ ತಲೆಯಾಡಿಸಿದೆ.

ಅವಳು ಒಲೆ ಸಣ್ಣ ಮಾಡಿದಳು, ಸೋಪು ಕೊಟ್ಟು ನನ್ನ ಕೈಯನ್ನು ನಲ್ಲಿ ಕೆಳಗೆ ಹಿಡಿದಳು, ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಬಿಡಲಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈಕಿನ ಹತ್ತಿರ ಹೋಗಿ ನಿಂತಳು.

"ನಡಿ ಗುಬ್ಬಿ ಆಸ್ಪತ್ರೆಗೆ," ಅಂದಳು. "ನಂಗಿವತ್ತು ಕೊನೇದು. ನಿಂಗೆ ಮೊದಲ್ನೇದು."